ಎರಡು ಪ್ರೊಸೆಸರ್, ಎರಡು ಖಣ

ಹೋದ ವಾರ ನೀವಿಬ್ಬರೂ ಹೊಸ ಕಂಪ್ಯೂಟರಿಗೆ ಯಾವ ಪ್ರೊಸೆಸರ್ ಹಾಕಿಸಬೇಕೆಂದು ವಾದ ಮಾಡುತ್ತಿದ್ದಾಗ ನಾನು ಪಕ್ಕದಲ್ಲೇ ಕೂತು ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದೆ. ಪ್ರೀತಿ ಒಂದು ಕಂಪನಿಯದು ಬೇಕೆಂದಳು, ಆಕಾಶ ಇನ್ನೊಂದರದು ಅಂದ. ಒಬ್ಬರು ಕೋರ್ ಎಣಿಸಿದಿರಿ, ಇನ್ನೊಬ್ಬರು ಗಿಗಾಹರ್ಟ್ಸ್ ಎಣಿಸಿದಿರಿ. ಅಜ್ಜಿಯಾದ ಈ ಆಯಿಯನ್ನು ಒಂದು ಮಾತು ಕೇಳೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅದು ನಿಮ್ಮ ತಪ್ಪಲ್ಲ, ನಾನು ಯಾವತ್ತೂ ಹೇಳಿಲ್ಲ. ಅಷ್ಟರಲ್ಲಿ ಆಕಾಶ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿನ ಡಬ್ಬಿಯನ್ನು ಇಳಿಸಿ ಚಾಲೂ ಮಾಡಿದ. ಫ್ಯಾನು ತಿರುಗಿದ ಕೂಡಲೇ ಕಾದ ಧೂಳಿನ ವಾಸನೆ ಬಂತು. ಅದರ ಹಿಂದೆ, ಗೊತ್ತಿದ್ದವರಿಗೆ ಮಾತ್ರ ತಿಳಿಯುವಷ್ಟು ಸಣ್ಣಗೆ, ಕುಂಕುಮದ ವಾಸನೆ.

"ಆಯೀ, ಇದರ ಹೊಟ್ಟ್ಯಾಗ ಕೆಂಪ ಪುಡಿ ಯಾಕ ಕುಂತದ?" ಎಂದು ಆಕಾಶ ಕೇಳಿದ. ನಾನು ಪಲ್ಲೆ ಎತ್ತಿಕೊಂಡು ಒಳಗೆ ಹೋದೆ. ಎದುರಿಗೆ ಕೂತು ಹೇಳುವುದು ನನಗೆ ಆಗುವುದಿಲ್ಲ. ಬರೆಯುವುದಾದರೆ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಬೇಸಿಗೆಯಲ್ಲಿ ಪ್ರೀತಿ ಮೂರನೇ ಕ್ಲಾಸು ಮುಗಿಸಿದ್ದಳು, ಆಕಾಶ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಹೋಗಿ ಎರಡು ವರ್ಷವಾಗಿತ್ತು. ನಾನು ಔರಾದ ಕಡೆಯ ನಮ್ಮ ಊರು ಬಿಟ್ಟು ಬೀದರಿನ ಚಿದ್ರಿಯ ಈ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ನಿಮ್ಮ ಅಪ್ಪ ಬಸ್ಸಿನ ಕಂಡಕ್ಟರ್, ಆಗಲೂ ಮುಂಜಾನೆ ಹೋದರೆ ಕತ್ತಲಾದ ಮೇಲೇ ಬರುವುದು. ನಿಮ್ಮ ಅವ್ವ ಸಂಗೀತಾ ಮುಂದಿನ ಕೋಣೆಯಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಕೆಲಸ ಮಾಡುತ್ತಿದ್ದಳು. ಆ ಕೆಲಸ ಕಲಿಸಿದವನು ಭಾಲ್ಕಿಯಲ್ಲಿ ಸ್ಟುಡಿಯೋ ಇಟ್ಟಿರುವ ಅವಳ ಅಣ್ಣ, ನಿಮ್ಮ ಮಹೇಶ ಮಾಮ. ಅಣ್ಣ-ತಂಗಿ ಸೇರಿ ಭಾಲ್ಕಿಯಲ್ಲಿ ಒಂದು ದೊಡ್ಡ ಹಾಲ್ ಬಾಡಿಗೆಗೆ ಹಿಡಿದು, ಆರು ಕಂಪ್ಯೂಟರ್ ಇಟ್ಟು, ಮಿಕ್ಸಿಂಗ್ ಮಾಡುತ್ತ ಹುಡುಗಿಯರಿಗೂ ಕಲಿಸಬೇಕೆಂದು ಆ ವರ್ಷ ಗಟ್ಟಿಮಾಡಿದ್ದರು. ಆರೂ ಒಂದೇ ತರಹದವು ಆಗಬೇಕು. ಒಳಗೆ ಯಾವ ಪ್ರೊಸೆಸರ್ ಎಂಬಲ್ಲಿಗೆ ಬಂದು ಮಾತು ನಿಂತಿತು.

ನಮ್ಮ ಮನೆಯ ಕಂಪ್ಯೂಟರುಗಳನ್ನು ಮೊದಲಿನಿಂದಲೂ ಜೋಡಿಸಿಕೊಡುತ್ತಿದ್ದವರು ಖಲೀಲಭಾಯಿ. ಬೀದರಿನ ಹಳೇ ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ. ಎತ್ತರದ ಮನುಷ್ಯ, ಗಡ್ಡ ಆಗಲೇ ಅರ್ಧ ಬೆಳ್ಳಗಾಗಿತ್ತು. ಅವರು ಒಂದು ಕಂಪನಿಯ ಪ್ರೊಸೆಸರ್ ಹೇಳಿದರು, ಮಹೇಶ ಇನ್ನೊಂದು ಕಂಪನಿಯದು ಹೇಳಿದ. ನಾನು ಒಳಬಾಗಿಲ ಪರದೆಯ ಹಿಂದೆ ಕೂತು ಕೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಖಲೀಲಭಾಯಿಯ ಪ್ರೊಸೆಸರಿನಲ್ಲಿ ಕೋರ್ ಹೆಚ್ಚು. ಜೋಳದ ಹೊಲಕ್ಕೆ ಹನ್ನೆರಡು ಆಳು ಇಳಿಸಿದ ಹಾಗೆ, ಒಬ್ಬೊಬ್ಬರ ಕೈ ಅಷ್ಟೇನೂ ಚುರುಕಲ್ಲದಿದ್ದರೂ ದೊಡ್ಡ ಹೊಲ ಬೇಗ ಮುಗಿಯುತ್ತದೆ. ಮಹೇಶನದರಲ್ಲಿ ಆಳು ಕಡಿಮೆ, ಆದರೆ ಒಬ್ಬೊಬ್ಬರ ಕುಡುಗೋಲೂ ಬಲು ಜೋರು. ಅದರ ಮೇಲೆ ಅವನು ಓವರ್‌ಕ್ಲಾಕ್ ಮಾಡುತ್ತೇನೆ ಅಂದ. ಕಂಪನಿಯವರು ಗೊತ್ತುಮಾಡಿ ಕೊಟ್ಟ ವೇಗಕ್ಕಿಂತ ನಾವೇ ಕೈಯಾರೆ ಹೆಚ್ಚಿಸುವುದಕ್ಕೆ ಹಾಗೆನ್ನುತ್ತಾರೆ. ಹೆಚ್ಚಿಸಿದಷ್ಟೂ ಕರೆಂಟು ಹೆಚ್ಚು ಕುಡಿಯುತ್ತದೆ, ಕಾವೂ ಹೆಚ್ಚುತ್ತದೆ. ಕಾವು ಮಿತಿ ದಾಟಿದರೆ ಪ್ರೊಸೆಸರ್ ಸುಟ್ಟುಕೊಳ್ಳದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಬಿಸಿಲಿಗೆ ಎತ್ತು ಹೆಜ್ಜೆ ಇಳಿಸಿದ ಹಾಗೆ.

ಬಾಯಿಮಾತಿನಲ್ಲಿ ಇದು ಬಗೆಹರಿಯಲಿಲ್ಲ. ಕೊನೆಗೆ ಎರಡೂ ತರಹದ ಒಂದೊಂದು ಡಬ್ಬಿಯನ್ನು ನಮ್ಮ ಮನೆಯಲ್ಲಿಡುವುದೆಂದು ಮಾತಾಯಿತು. ಬೀದರಿನ ಮೇ ತಿಂಗಳ ಬಿಸಿಲನ್ನು ತಡೆದದ್ದು ಭಾಲ್ಕಿಯಲ್ಲೂ ತಡೆಯುತ್ತದೆ. ಕಮಠಾಣದ ಒಂದು ಮದುವೆಯ ವಿಡಿಯೋ ಇತ್ತು, ಅದರ ಒಂದೇ ತುಂಡನ್ನು ದಿನಕ್ಕೆ ಮೂರು ಸಲ ಎರಡರಲ್ಲೂ ಕೊನೆಯ ವಿಡಿಯೋ ಆಗಿ ಕಟ್ಟಲು, ಅಂದರೆ ರೆಂಡರ್‌ಗೆ ಹಾಕಬೇಕು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಡಿಗ್ರಿ ಕಾದಿತು ಎಂದು ಬರೆಯಬೇಕು. ಬರೆಯುವವರು ಯಾರು? ಮದುವೆಯ ಕಾಲ, ಸಂಗೀತಾ ಶೂಟಿಂಗಿಗೆಂದು ಹತ್ತಕ್ಕೆ ಹೋದರೆ ಐದಕ್ಕೆ ಬರುವವಳು.

ಅತ್ತಿ ಬರೀತಾರ, ಅಂದುಬಿಟ್ಟಳು.

ನಾನು ಊರ ಸಾಲೆಯಲ್ಲಿ ಏಳನೆಯದರ ತನಕ ಓದಿದವಳು. ಮದುವೆಯಾದ ಮೇಲೆ ತವರಿಗೆ ನಾಲ್ಕು ಕಾಗದ ಬರೆದದ್ದು ಬಿಟ್ಟರೆ ಪೆನ್ನು ಹಿಡಿದಿರಲಿಲ್ಲ. ಆದರೆ ಬೇಡ ಎನ್ನುವುದಕ್ಕೂ ಬಾಯಿ ಬೇಕಲ್ಲ, ಒಪ್ಪಿಕೊಂಡೆ. ಯಾವ ಗುಂಡಿ ಒತ್ತಬೇಕು, ಡಿಗ್ರಿ ಕಂಪ್ಯೂಟರ್ ಪರದೆಯ ಯಾವ ಮೂಲೆಯಲ್ಲಿ ಕಾಣುತ್ತದೆ ಎಂದು ಸಂಗೀತಾ ಎರಡು ಸಂಜೆ ತೋರಿಸಿಕೊಟ್ಟಳು. ಪ್ರೀತಿಯ ಉಳಿದ ನೋಟುಬುಕ್ಕೊಂದರಲ್ಲಿ ಗೆರೆ ಹೊಡೆದುಕೊಂಡೆ. ಅಂಕಿಗಳನ್ನು ಕನ್ನಡದಲ್ಲೇ ಬರೆದೆ, ನನಗೆ ಕೈ ಓಡುವುದು ಅದರಲ್ಲೇ. ಮೂರನೇ ದಿನಕ್ಕೆ ನನಗೆ ಆ ಕೆಲಸ ಹಿಡಿಸಿತು. ಮನೆಯಲ್ಲಿ ನಾನು ಮಾಡಿದರೆ ಮಾತ್ರ ಆಗುವ ಕೆಲಸ ಅದೊಂದೇ ಇತ್ತು.

ಇನ್ನು ಕುಂಕುಮದ ಮಾತು. ಡಬ್ಬಿಗಳು ಬಂದದ್ದು ಒಂದು ಶುಕ್ರವಾರ ಮುಂಜಾನೆ. ಮಹೇಶನ ಡಬ್ಬಿ ಸಾದಾ ಕಬ್ಬಿಣದ್ದು, ಮೇಲೆ ಮುಚ್ಚಿದ ತಗಡು, ಹಿಂದೆ ತೂತುಗಳು. ಖಲೀಲಭಾಯಿಯದಕ್ಕೆ ಪಕ್ಕದಲ್ಲಿ ಗಾಜು, ಒಳಗೆ ಬಣ್ಣದ ದೀಪ, ಮೇಲೆ ಜರಡಿಯಂಥ ಜಾಳಿಗೆ. ಸಂಗೀತಾ ಎರಡಕ್ಕೂ ವೈರು ಚುಚ್ಚಿ ಮದುವೆಯ ಮನೆಗೆ ಓಡಿದಳು. ತೆಂಗಿನಕಾಯಿ ಇಲ್ಲ, ಅರಿಷಿಣ ಇಲ್ಲ. ನಮ್ಮ ಊರಲ್ಲಿ ಬಿತ್ತುವ ಹೊಸ ಕೂರಿಗೆ ಬಂದರೂ, ಕಾಳು ಒಕ್ಕುವ ಹೊಸ ರಾಶಿ ಮೆಷಿನ್ನು ಬಂದರೂ ಮನೆಯ ಮುತ್ತೈದೆ ಅದಕ್ಕೆ ಕುಂಕುಮ ಹಚ್ಚಿ, ಕುಪ್ಪಸದ ಖಣ ಇಟ್ಟು, ಅಕ್ಕಿ ಹಾಕಿ ಉಡಿ ತುಂಬಿದ ಮೇಲೇ ಕೆಲಸಕ್ಕೆ ಹಚ್ಚುವುದು. ಮನೆಗೆ ದುಡಿಯಲು ಬಂದ ಎರಡು ಜೀವ ಹಾಗೇ ಬರಿಗೈಲಿ ನಿಂತದ್ದು ನನಗೆ ನೋಡಲಾಗಲಿಲ್ಲ.

ಆದರೆ ಗಂಡನನ್ನು ಕಳೆದುಕೊಂಡವಳು ಉಡಿ ತುಂಬುವ ಹಾಗಿಲ್ಲ. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಹುಟ್ಟಿದಾಗಿನಿಂದ ನೋಡಿದ್ದೆ. ನಿಮ್ಮ ಮುತ್ಯಾ ಹೋದ ಮೇಲೆ ಊರಲ್ಲಿ ಉಡಿ ತುಂಬುವ ಹೊತ್ತಿಗೆ ನಾನೇ ಹಿತ್ತಲಿಗೆ ಸರಿದುಬಿಡುತ್ತಿದ್ದೆ. ನನ್ನ ಟ್ರಂಕಿನಲ್ಲಿ ಎರಡು ಖಣ ಇದ್ದವು, ಒಂದು ಹಸಿರು, ಇನ್ನೊಂದು ಬದನೆಬಣ್ಣದ್ದು. ಅವರು ಇದ್ದಾಗಿನ ಕೊನೆಯ ಪಂಚಮಿಗೆ ತವರಿನವರು ಉಡಿಗೆ ಹಾಕಿದ್ದವು. ಹೊಲಿಸಿರಲಿಲ್ಲ, ಯಾರಿಗೂ ಕೊಟ್ಟಿರಲೂ ಇಲ್ಲ.

ಆ ದಿನ ನೀವಿಬ್ಬರೂ ಒಳಗೆ ಬಾರದಂತೆ ಬಾಗಿಲು ಹಾಕಿ ಎರಡಕ್ಕೂ ಕುಂಕುಮ ಹಚ್ಚಿದೆ. ಹಸಿರು ಖಣವನ್ನು ಮಡಿಚಿ ಗಾಜಿನ ಡಬ್ಬಿಯ ಮೇಲಿಟ್ಟೆ, ಬದನೆಬಣ್ಣದ್ದನ್ನು ಕಬ್ಬಿಣದ ಡಬ್ಬಿಯ ಮೇಲೆ. ಭೇದ ಮಾಡಲಿಲ್ಲ. ಅಕ್ಕಿಯನ್ನು ಮಾತ್ರ ಮೇಲೆ ಹಾಕದೆ ಬಟ್ಟಲಲ್ಲಿ ನಡುವೆ ಇಟ್ಟೆ. ತೂತಿನಲ್ಲಿ ಅಕ್ಕಿ ಬಿದ್ದರೆ ಕೆಡುತ್ತದೆ ಎಂಬುದು ನನಗೆ ಹೊಳೆಯಿತು. ಆ ತೂತಿನಿಂದ ಏನು ಹೊರಗೆ ಬರುತ್ತದೆ ಎಂಬುದು ಹೊಳೆಯಲಿಲ್ಲ.

ಸಂಗೀತಾ ಬರುವ ಹೊತ್ತಿಗೆ ಕುಂಕುಮ ಒರೆಸಿ ಖಣ ಟ್ರಂಕಿಗೆ ಹಾಕಿದೆ. ಮರುದಿನ ಅವಳು ಹೋದ ಮೇಲೆ ಮತ್ತೆ ಇಟ್ಟೆ. ಒಮ್ಮೆ ಇಟ್ಟದ್ದನ್ನು ತೆಗೆದು ಬಿಟ್ಟುಬಿಡುವುದು ಸರಿ ಕಾಣಲಿಲ್ಲ. ಹೀಗೆ ದಿನದ ರೂಢಿಯಾಯಿತು. ಯಾರಾದರೂ ಗೇಟು ಸಪ್ಪಳ ಮಾಡಿದರೆ ಮೊದಲು ಖಣ ತೆಗೆದು ಕುಂಕುಮ ಒರೆಸುವುದು, ಆಮೇಲೆ ಬಾಗಿಲು ತೆಗೆಯುವುದು.

ಆ ಮೇ ತಿಂಗಳು ನಿಮಗೆ ನೆನಪಿರಲಿಕ್ಕಿಲ್ಲ. ಹನ್ನೊಂದಕ್ಕೇ ಕೆಮ್ಮಣ್ಣಿನ ಅಂಗಳ ಕಾದು ಕಾಲಿಡಲು ಆಗುತ್ತಿರಲಿಲ್ಲ. ಮಾಳಿಗೆಯ ಮೇಲಿನ ಟಾಕಿಯ ನೀರು ಚಹಾಕ್ಕೆ ಇಟ್ಟಷ್ಟು ಬಿಸಿ. ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿದರೆ ಅರ್ಧ ತಾಸಿಗೆ ಒಣಗಿ ಗರಿಗರಿಯಾಗುತ್ತಿತ್ತು. ಅಂಥ ಸೆಕೆಯಲ್ಲಿ ಮಹೇಶನ ಡಬ್ಬಿ ಎಂಬತ್ತು, ಎಂಬತ್ತೈದು ಡಿಗ್ರಿ ತೋರಿಸುತ್ತಿತ್ತು. ಖಲೀಲಭಾಯಿಯದು ತೊಂಬತ್ತು ದಾಟುತ್ತಿತ್ತು. ಅಷ್ಟು ಕಾದ ಮೇಲೆ ತಾನೇ ವೇಗ ಇಳಿಸಿ, ಮಹೇಶನದಕ್ಕಿಂತ ಹಿಂದೆ ಬೀಳುತ್ತಿತ್ತು. ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ಸಂಜೆ ಸಂಗೀತಾ ಬಂದು ನೋಡಿದರೆ ಅದೇ ಡಬ್ಬಿ ತಣ್ಣಗಿರುತ್ತಿತ್ತು. ಬಿಸಿಲು ಇಳಿದದ್ದಕ್ಕೆ ಅಂದುಕೊಂಡಳು.

ಸಂಗೀತಾ ನೋಟುಬುಕ್ಕು ಓದಿ ಹೇಳಿದಾಗ ಖಲೀಲಭಾಯಿ ಹುಬ್ಬು ಗಂಟಿಕ್ಕಿದರು. ಒಂದು ಮಧ್ಯಾಹ್ನ ಅವರೇ ಸ್ಕೂಟರ್ ಮೇಲೆ ಬಂದರು. ಸಪ್ಪಳ ಕೇಳಿ ಖಣ ತೆಗೆದೆ. ಅವರು ಕೂತು ಒಂದು ರೆಂಡರ್ ಪೂರ್ತಿ ನೋಡಿದರು, ಎಪ್ಪತ್ತೈದು ಡಿಗ್ರಿ ಮೀರಲಿಲ್ಲ. ಆದರೂ ಬಿಚ್ಚಿ, ಪ್ರೊಸೆಸರಿನ ಮೇಲಿನ ಕಾವು ಎಳೆಯುವ ಬಿಳಿ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಅದರ ಮೇಲಿನ ಫ್ಯಾನಿನ ಕೂಲರ್ ಬಿಗಿಮಾಡಿ ಹೋದರು. ಅವರು ಹೋದರು, ಖಣ ಬಂತು, ತೊಂಬತ್ತು ದಾಟಿತು. ಎರಡನೇ ಸಲ ಬಂದಾಗಲೂ ಇದೇ ಆಯಿತು. ಅವರು ನೋಟುಬುಕ್ಕನ್ನೂ ಡಬ್ಬಿಯನ್ನೂ ಬಹಳ ಹೊತ್ತು ನೋಡಿದರು, ನನ್ನನ್ನು ಏನೂ ಕೇಳಲಿಲ್ಲ. ನಾನು ಸುಳ್ಳು ಬರೆಯುತ್ತೇನೆ ಎಂದು ಅವರಿಗೆ ಅನ್ನಿಸಿದ್ದರೂ ಅನ್ನಿಸಿರಬಹುದು.

ಅಂಕಿಗಳನ್ನು ಸಂಗೀತಾ ಫೋನಿನಲ್ಲಿ ಅಣ್ಣನಿಗೆ ಓದಿ ಹೇಳುತ್ತಿದ್ದಳು. ಅವನು ಅಂದದ್ದು ನನಗೂ ಕೇಳಿಸಿತು. ಖಲೀಲಭಾಯಿ ಬಂದಾಗ ಒಳಗೆ ಏನೋ ಸೆಟ್ಟಿಂಗ್ ತಿರುವಿ ತಂಪು ತೋರಿಸುತ್ತಾರೆ, ಮಾಲು ಖರಾಬು ಅದೆ, ಇದನ್ನು ಭಾಲ್ಕಿಯಲ್ಲಿ ನಾಲ್ಕು ಸ್ಟುಡಿಯೋದವರಿಗೂ ಹೇಳಬೇಕಾಗುತ್ತದೆ ಅಂದ. ಖಲೀಲಭಾಯಿಯ ಗಿರಾಕಿಗಳಲ್ಲಿ ಅರ್ಧ ಜನ ಭಾಲ್ಕಿ, ಔರಾದ ಕಡೆಯ ಸ್ಟುಡಿಯೋದವರೇ. ಅವರ ಅಂಗಡಿಗೆ ಬೋರ್ಡು ಕೂಡ ನೆಟ್ಟಗಿರಲಿಲ್ಲ, ಹೆಸರಿನ ಮೇಲೇ ನಡೆಯುತ್ತಿತ್ತು. ಬರುವ ಭಾನುವಾರ ಇಬ್ಬರೂ ನಮ್ಮ ಮನೆಯಲ್ಲಿ ಎದುರುಬದುರು ಕೂರುವುದೆಂದು ಆಯಿತು.

ಅದಕ್ಕೆ ಮೂರು ದಿನ ಮೊದಲು, ಗುರುವಾರ ಮಧ್ಯಾಹ್ನ, ಪಕ್ಕದ ಮನೆಯವಳು ಮಜ್ಜಿಗೆ ಕೇಳಿಕೊಂಡು ಬಂದಳು. ಅವಸರದಲ್ಲಿ ಎರಡೂ ಖಣ ಒಟ್ಟಿಗೆ ಎಳೆದುಕೊಂಡೆ. ಹಸಿರು ಖಣ ಇಸ್ತ್ರಿ ಪೆಟ್ಟಿಗೆಯ ಕೆಳಗಿನಿಂದ ಬಂದಂತೆ ಸುಡುತ್ತಿತ್ತು. ಬದನೆಬಣ್ಣದ್ದು ಬರೀ ಬೆಚ್ಚಗಿತ್ತು. ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿ ಬರುವಷ್ಟರಲ್ಲಿ ಗಾಜಿನ ಡಬ್ಬಿಯ ಫ್ಯಾನಿನ ಗದ್ದಲ ಇಳಿದಿತ್ತು. ಪರದೆಯ ಮೂಲೆ ನೋಡಿದೆ. ತೊಂಬತ್ತಮೂರು ಇದ್ದದ್ದು ಎಂಬತ್ತಕ್ಕೆ ಬಂದಿತ್ತು, ನಾನು ನೋಡುತ್ತಿದ್ದಂತೆ ಇನ್ನೂ ಇಳಿಯಿತು. ಜಾಳಿಗೆಯ ಮೇಲೆ ಅಂಗೈ ಹಿಡಿದೆ. ಒಲೆಯ ಬಾಯಿಯ ಗಾಳಿ ಬಂದ ಹಾಗಿತ್ತು.

ಮರುದಿನ ಒಂದು ಸಲ ಖಣ ಇಟ್ಟು, ಒಂದು ಸಲ ಇಡದೆ ರೆಂಡರ್ ಮಾಡಿ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆದೆ. ಸಂಶಯ ಉಳಿಯಲಿಲ್ಲ. ಕಬ್ಬಿಣದ ಡಬ್ಬಿ ಹಿಂದಿನಿಂದ ಉಸಿರು ಬಿಡುತ್ತಿತ್ತು, ಅದಕ್ಕೆ ಖಣ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗಾಜಿನದರ ಬಾಯಿಗೇ ನಾನು ಬಟ್ಟೆ ತುರುಕಿದ್ದೆ.

ಶುಕ್ರವಾರ, ಶನಿವಾರ ಎರಡು ದಿನ ಇದನ್ನೇ ಲೆಕ್ಕ ಹಾಕಿದೆ. ಸುಮ್ಮನೆ ಖಣ ಇಡುವುದನ್ನು ಬಿಟ್ಟರೆ ಅಂಕಿ ತಾನೇ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಮೊದಲು ಅನ್ನಿಸಿತು. ಆದರೆ ಆಗ ಮಹೇಶ ಏನೆನ್ನುತ್ತಾನೆ? ಸಿಕ್ಕಿಬೀಳುವ ಭಯಕ್ಕೆ ಖಲೀಲಭಾಯಿ ಕದ್ದು ಸರಿಮಾಡಿದರು ಅನ್ನುತ್ತಾನೆ. ಬರೀ ಅಂಕಿ ಸರಿಯಾದರೆ ಆ ಮನುಷ್ಯನ ಹೆಸರು ಸರಿಹೋಗುವುದಿಲ್ಲ. ಹೇಳಬೇಕಾದರೆ ನಾನು ಕುಂಕುಮ ಹಚ್ಚಿದ್ದನ್ನೂ ಹೇಳಬೇಕು. ಅದೂ ಸೊಸೆಯ ಅಣ್ಣನ ಮುಂದೆ. ಬೀಗರ ಮನೆಗೆ ಆ ಮಾತು ಹೋಗುತ್ತದೆ. ಮೇಲೆ, ಅತ್ತಿ ಬರೀತಾರ ಅಂದ ಸಂಗೀತಾಳ ಮಾತು ಏನಾಗುತ್ತದೆ?

ಭಾನುವಾರ ಮಹೇಶ ಮುಂಜಾನೆಯೇ ಬಂದ. ಖಲೀಲಭಾಯಿ ಹನ್ನೊಂದಕ್ಕೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು, ಚಹಾ ಮುಟ್ಟಲಿಲ್ಲ. ನಾನು ತಲೆಯ ಮೇಲೆ ಸೆರಗು ಹೊದ್ದು ಒಳಬಾಗಿಲ ಪರದೆಯ ಹಿಂದೆ ನಿಂತಿದ್ದೆ. ಸಂಗೀತಾ ನೋಟುಬುಕ್ಕನ್ನು ಮೇಜಿನ ಮೇಲೆ ತೆರೆದಿಟ್ಟಳು.

"ಭಾಯಿ, ನೀವು ಬಂದಾಗ ತಂಪ ಇರ್ತದ, ನೀವು ಹೋದ ಮ್ಯಾಲ ಕುದೀತದ," ಎಂದು ಮಹೇಶ ಮೆಲ್ಲಗೇ ಶುರುಮಾಡಿದ. "ಡಬ್ಬಿಗಿ ನಿಮ್ಮ ಗುರ್ತು ಸಿಗ್ತದೇನ್ರಿ?"

"ಇಪ್ಪತ್ತು ವರ್ಷ ಆಯ್ತು ಮಹೇಶ ಸಾಬ್, ಸ್ಕ್ರೂ ತಿರುವಿ ಹೊಟ್ಟಿ ತುಂಬಿಸ್ಕೋತೇನಿ," ಅಂದರು ಖಲೀಲಭಾಯಿ. "ಯಾರ ಕಣ್ಣಾಗೂ ಮಣ್ಣ ಹಾಕಿಲ್ಲ. ಇದರಾಗ ಏನ್ ಖರಾಬಿ ಅದ ನನಗ ತಿಳೀಲಿಲ್ಲ. ತಿಳೀದ ಮಾಲು ನಾ ಮಾರೋದಿಲ್ಲ. ಒಯ್ತೇನಿ."

ಎದ್ದು ಹೋಗಿ ಡಬ್ಬಿಯ ಹಿಂದಿನ ವೈರು ಒಂದೊಂದೇ ಕೀಳತೊಡಗಿದರು. ಎರಡು ಕಿತ್ತರು. ಮೂರನೆಯದಕ್ಕೆ ಕೈ ಹಾಕಿದಾಗ ನಾನು ಪರದೆ ಸರಿಸಿ ಬಂದೆ.

"ಇರ್ಲಿ ಬಿಡ್ರಿ ಭಾಯಿ. ತಪ್ಪು ಡಬ್ಬಿದಲ್ಲ. ನಾ ಅದರ ಮ್ಯಾಲ ಖಣ ಇಡ್ತಿದ್ದೆ."

ಏನು ಇಡ್ತಿದ್ರಿ ಎಂದು ಮಹೇಶ ಕೇಳಿದ. ನಾನು ಒಳಗೆ ಹೋಗಿ ಟ್ರಂಕಿನಿಂದ ಎರಡೂ ಖಣ ತಂದೆ. ವೈರು ಹಚ್ಚಿರೆಂದು ಖಲೀಲಭಾಯಿಗೆ ಕೈಸನ್ನೆ ಮಾಡಿದೆ. ದಿನಾ ಮಡಿಚುವ ಹಾಗೇ ಮಡಿಚಿ, ದಿನಾ ಇಡುವ ಜಾಗದಲ್ಲೇ ಇಟ್ಟು, ಎರಡೂ ಡಬ್ಬಿಯ ರೆಂಡರ್ ಗುಂಡಿ ಒತ್ತಿದೆ. ಎಲ್ಲರೂ ಪರದೆಯ ಮೂಲೆ ನೋಡುತ್ತ ನಿಂತರು. ಎಪ್ಪತ್ತು, ಎಂಬತ್ತು, ತೊಂಬತ್ತು. ಫ್ಯಾನು ಕೂಗಿಕೊಳ್ಳತೊಡಗಿತು. ಆಗ ಹಸಿರು ಖಣ ಎತ್ತಿ ಮಹೇಶನ ಕೈಗೆ ಕೊಟ್ಟೆ. ಅವನು ಸುಡುತ್ತದೆಂದು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ. ಅಂಕಿ ಇಳಿಯತೊಡಗಿತು.

"ಬಂದವರ ಮುಂದ ಯಾಕ ತಗೀತಿದ್ರಿ ಅತ್ತಿ?" ಎಂದು ಸಂಗೀತಾ ಕೇಳಿದಳು.

"ಉಡಿ ತುಂಬಿದ್ದೆ ಅವಕ್ಕ. ನಾ ತುಂಬೂ ಹಂಗಿಲ್ಲಲ್ಲವಾ."

ಅವಳು ನನ್ನ ಕಡೆ ನೋಡಲಿಲ್ಲ, ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದಳು. ಖಲೀಲಭಾಯಿ ನೋಟುಬುಕ್ಕು ಎತ್ತಿಕೊಂಡು, ಕನ್ನಡ ಅಂಕಿ ಓದಲು ಬಾರದಿದ್ದರೂ, ಪುಟ ತಿರುವಿದರು.

"ಇದರಾಗ ಒಂದ್ ಅಂಕಿ ಭೀ ಸುಳ್ಳಿಲ್ಲ ಅಮ್ಮಾ," ಅಂದರು. "ಒಂದ್ ಮಾತು ಬರೀದ ಉಳ್ದಿತ್ತು, ಅಷ್ಟೇ." ಆಮೇಲೆ ಸ್ವಲ್ಪ ನಕ್ಕರು. "ಡಬ್ಬ್ಯಾಗ ಹಲ್ಲಿ ನೋಡೀನಿ, ಇಲಿ ಗೂಡು ನೋಡೀನಿ. ಸೀರಿ-ಕುಬಸದ ಮರ್ಯಾದಿ ನೋಡಿದ್ದು ಇದೇ ಪಹಿಲಾ ಸಲ."

ಮಹೇಶ ತಪ್ಪಾಯ್ತು ಭಾಯಿ ಎಂದು ಅವರ ಕೈ ಹಿಡಿದ. ಚಹಾ ಆರಿತ್ತು, ನಾನು ಮತ್ತೆ ಕಾಯಿಸಿ ತಂದೆ. ಈ ಸಲ ಕುಡಿದರು.

ಮುಂದಿನ ಪರೀಕ್ಷೆಯನ್ನು ಖಲೀಲಭಾಯಿಯೇ ಸರಿಯಾಗಿ ಕಟ್ಟಿಕೊಟ್ಟರು. ಡಬ್ಬಿಗಳೇ ಬೇರೆ ಬೇರೆ ಇದ್ದರೆ ಪ್ರೊಸೆಸರಿನ ಕಾವು ಹೇಗೆ ತಿಳಿಯುತ್ತದೆ, ಅದು ತಮ್ಮ ತಪ್ಪು ಎಂದು ಎರಡನ್ನೂ ಒಂದೇ ತರಹದ ಡಬ್ಬಿಗೆ, ಒಂದೇ ತರಹದ ಕೂಲರಿನ ಕೆಳಗೆ ಹಾಕಿದರು. ಬರೆಯುವವಳನ್ನು ಬದಲಾಯಿಸೋಣವೇ ಎಂದು ಯಾರೂ ಕೇಳಲಿಲ್ಲ. ನಾನು ಒಂದು ಗೆರೆ ಹೆಚ್ಚಿಗೆ ಹೊಡೆದು, ಆ ಹೊತ್ತಿನಲ್ಲಿ ಕೋಣೆಯಲ್ಲಿ ಏನೇನು ಇತ್ತೆಂದು ಬರೆದೆ. ಕಿಟಕಿ ತೆರೆದಿತ್ತು. ಗೋಣಿತಟ್ಟು ಹಸಿ ಇತ್ತು. ಆಕಾಶ ಡಬ್ಬಿಗೆ ಒರಗಿ ಮಲಗಿದ್ದ.

ನೀವು ವಾದ ಮಾಡುತ್ತಿದ್ದುದಕ್ಕೆ ಉತ್ತರ ಆ ಪುಟಗಳಲ್ಲಿದೆ. ವಿಡಿಯೋ ರೆಂಡರ್‌ನಂಥ ದೊಡ್ಡ ಕೆಲಸವನ್ನು ಹೆಚ್ಚು ಕೋರಿನದು ಬೇಗ ಮುಗಿಸಿತು, ಕಡಿಮೆ ಕಾದಿತು. ಒಂದೊಂದು ಫೋಟೋ ತಿದ್ದುವಂಥ ಸಣ್ಣ ಕೆಲಸಕ್ಕೆ ಮಹೇಶನದು ಚುರುಕು. ಓವರ್‌ಕ್ಲಾಕ್ ಮಾಡಿದಾಗ ಮುಂಜಾನೆಯ ಹೊತ್ತು ಅದನ್ನು ಹಿಡಿಯುವವರೇ ಇರಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಮಾತ್ರ ಕಾದು ಕಾದು ತಾನೇ ವೇಗ ಇಳಿಸಿ, ಓವರ್‌ಕ್ಲಾಕ್ ಮಾಡದೆ ಇದ್ದರೆ ಓಡುವಷ್ಟೂ ಓಡುತ್ತಿರಲಿಲ್ಲ. ಮಹೇಶ ಹಟ ಹಿಡಿಯಲಿಲ್ಲ. ತನ್ನದನ್ನು ಫೋಟೋ ಕೆಲಸಕ್ಕೆಂದು ತನ್ನ ಸ್ಟುಡಿಯೋಗೆ ಒಯ್ದ, ಓವರ್‌ಕ್ಲಾಕ್ ತೆಗೆದುಬಿಟ್ಟ. ಖಲೀಲಭಾಯಿಯದು ಅದೇ ಗಾಜಿನ ಡಬ್ಬಿಗೆ ಮರಳಿ ನಮ್ಮಲ್ಲೇ ಉಳಿಯಿತು, ಆಕಾಶ ಕೇಳಿದ ಕೆಂಪು ಪುಡಿ ನಾನು ದಿನಾ ಕುಂಕುಮ ಒರೆಸುವಾಗ ಅದರ ಜಾಳಿಗೆಯಿಂದ ಒಳಗಿಳಿದದ್ದು. ತಿಂಗಳ ಕೊನೆಗೆ ಒಂದು ಸಂಜೆ ಗುಡುಗಿ ಮಳೆ ಬಿತ್ತು, ಎರಡು ಡಬ್ಬಿಯ ಅಂಕಿಯೂ ತಾವಾಗಿ ಐದಾರು ಡಿಗ್ರಿ ಇಳಿದವು. ಅದನ್ನೂ ಬರೆದಿದ್ದೇನೆ.

ಭಾಲ್ಕಿಯ ಆ ದೊಡ್ಡ ಹಾಲ್‌ಗೆ ಹೆಚ್ಚು ಕೋರಿನ ಆರು ಡಬ್ಬಿಯನ್ನು ಖಲೀಲಭಾಯಿಯೇ ಜೋಡಿಸಿದರು. ಚಾಲೂ ಮಾಡುವ ದಿನ ಸಂಗೀತಾ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಅವಳ ತವರಿನ ಹೆಂಗಸರೆಲ್ಲ ಸೇರಿದ್ದರು. ಕುಂಕುಮದ ತಟ್ಟೆ ತಂದಾಗ ನಾನು ರೂಢಿಯಂತೆ ಬಾಗಿಲ ಕಡೆ ಸರಿದೆ. ಸಂಗೀತಾ ತಟ್ಟೆಯನ್ನು ತನ್ನ ಅವ್ವನ ಕೈಯಿಂದ ತೆಗೆದುಕೊಂಡು ನೆಟ್ಟಗೆ ನನ್ನ ಹತ್ತಿರ ಬಂದಳು.

"ಗಾಳಿ ಎಲ್ಲಿಂದ ಹೋಗ್ತದ ನಿಮಗ ಗೊತ್ತದ ಅತ್ತಿ. ನೀವೇ ಇಡ್ರಿ."

ಅವಳ ಅವ್ವ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಡುವೆ ಇದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ನಾನು ಆರು ಡಬ್ಬಿಯ ಮುಂದಿನ ತಗಡಿಗೆ ಕುಂಕುಮ ಹಚ್ಚಿದೆ. ಖಣಗಳನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟೆ.

ನೋಟುಬುಕ್ಕು ನನ್ನ ಟ್ರಂಕಿನಲ್ಲಿದೆ, ಆ ಎರಡು ಖಣದ ಕೆಳಗೆ. ಮೊದಲ ಪುಟಗಳ ಯಾವ ಅಂಕಿಯನ್ನೂ ನಾನು ಹೊಡೆದುಹಾಕಿಲ್ಲ. ಪ್ರತಿ ಸಾಲಿನ ಪಕ್ಕದಲ್ಲಿ "ಖಣ ಇತ್ತು" ಎಂದು ಆಮೇಲೆ ಸೇರಿಸಿದ್ದೇನೆ. ಪ್ರೊಸೆಸರ್ ಯಾವುದೆಂದು ನೀವು ನೋಡಿಕೊಳ್ಳಿ, ಈಗಿನವು ನನಗೆ ತಿಳಿಯವು. ಡಬ್ಬಿ ಮನೆಗೆ ಬಂದ ದಿನ ಚಾಲೂ ಮಾಡುವ ಮೊದಲು ನನ್ನನ್ನು ಕರೆಯಿರಿ, ಅದಕ್ಕೆ ತೂತುಗಳು ಎಲ್ಲಿವೆ ಎಂದು ತೋರಿಸಿರಿ. ಖಣ ತೆಗೆದುಕೊಂಡು ಬರುತ್ತೇನೆ.